ಅತ್ತ ಮೇಲಿನ ಕ್ಷಮೆ

ಸಾವಾದ ಮನೆಗೆ ಹೋದಾಗ ನಮ್ಮ ಕಡೆ ಎರಡು ಬಗೆಯ ಮಾತು ಕೇಳಿಬರುತ್ತದೆ. “ಸಮಾಧಾನ ಮಾಡಿಕೋ, ಆದದ್ದು ಆಗಿಹೋಯಿತು, ನಮ್ಮ ಕೈಯಲ್ಲಿ ಏನಿದೆ” ಎಂಬುದು ಒಂದು. ಇದನ್ನು ಸಾಮಾನ್ಯವಾಗಿ ಬಾಗಿಲ ಬಳಿ ನಿಂತವರು, ಇನ್ನೇನು ಹೊರಡಬೇಕು ಅಂದುಕೊಂಡವರು ಹೇಳುತ್ತಾರೆ. ಒಳಗೆ ಗೋಡೆಗೊರಗಿ ಕೂತ ಹಿರಿಯ ಹೆಂಗಸರ ಮಾತೇ ಬೇರೆ: “ಅಳಲಿ ಬಿಡ್ರಿ, ಒಳಗೇ ಇಟ್ಟುಕೊಂಡರೆ ಹೇಗೆ?” ಎರಡರಲ್ಲೂ ಕನಿಕರ ಇದೆ. ಆದರೆ ಮೊದಲನೆಯದು ದುಃಖಕ್ಕೆ ಬೇಗ ಬಾಗಿಲು ಹಾಕುತ್ತದೆ, ಎರಡನೆಯದು ಅದಕ್ಕೆ ಮನೆಯೊಳಗೆ ಜಾಗ ಕೊಡುತ್ತದೆ. ಕ್ಷಮೆಯ ವಿಷಯದಲ್ಲೂ ಹೀಗೇ. ಕಳೆದುಕೊಂಡವರನ್ನು ನೋಡಿ ‘ಕ್ಷಮಿಸಿಬಿಡು’ ಎನ್ನುವುದು ಸುಲಭ. ಕ್ಷಮೆ ಹುಟ್ಟಲು ಬೇಕಾದ ಅಳುವಿಗೆ ಜಾಗ ಮಾಡಿಕೊಡುವುದು ಕಷ್ಟ. ಆ ಕಷ್ಟದ ಕೆಲಸವನ್ನು ಹಾಡಿನ ಮೂಲಕ ಮಾಡಿದ ಒಬ್ಬ ಮನುಷ್ಯನ ಬಗ್ಗೆ ಈ ಹೊತ್ತು ಮಾತಾಡಬೇಕೆಂದಿದ್ದೇನೆ. ಅಳುವಿನ ದಾರಿ ಹಿಡಿಯದೆ ಬಂದ ಕ್ಷಮೆಗೆ ಬೇರು ಇರುವುದಿಲ್ಲ ಎಂಬುದು ನನ್ನ ವಾದ. ಆ ಮನುಷ್ಯನ ಬದುಕೂ ಅವರ ಹಾಡು ನಡೆದುಬಂದ ದಾರಿಯೂ ಅದಕ್ಕೆ ಸಾಕ್ಷಿ.

ಅವರ ಹೆಸರು ಥಾಮಸ್ ಆಂಡ್ರ್ಯೂ ಡಾರ್ಸಿ. ಅದೇ ಕಾಲದಲ್ಲಿ ಟಾಮಿ ಡಾರ್ಸಿ ಎಂಬ ಬಿಳಿಯ ವಾದ್ಯಮೇಳದ ನಾಯಕನೊಬ್ಬ ಪ್ರಸಿದ್ಧನಾಗಿದ್ದ, ಇವರು ಅವನಲ್ಲ. ಇವರು ಅಮೆರಿಕದ ಕಪ್ಪು ಜನರ ಗಾಸ್ಪೆಲ್ ಸಂಗೀತದ ಪಿತಾಮಹ ಎನಿಸಿಕೊಂಡವರು. ಗಾಸ್ಪೆಲ್ ಎಂದರೆ ನಮ್ಮ ಕ್ರೈಸ್ತ ಸಭೆಗಳವರು ಸುವಾರ್ತೆ ಎನ್ನುತ್ತಾರಲ್ಲ, ಅದು; ಒಳ್ಳೆಯ ಸುದ್ದಿ. ಗುಲಾಮಗಿರಿಯ ಕಾಲದಿಂದ ಬಂದ ಸ್ಪಿರಿಚುಯಲ್ ಹಾಡುಗಳು ಆ ಜನರಲ್ಲಿ ಮೊದಲೇ ಇದ್ದವು. 1930ರ ದಶಕದಲ್ಲಿ ಚಿಕಾಗೋ ನಗರದಲ್ಲಿ ಅವುಗಳ ಪಕ್ಕದಲ್ಲೇ ಹೊಸದೊಂದು ಬಗೆ ಬೆಳೆಯಿತು. ಅದರ ಕಸುವು ಬಂದದ್ದು ಚರ್ಚಿನವರು ಮೂಗು ಮುರಿಯುತ್ತಿದ್ದ, ಬ್ಲೂಸ್ ಎಂಬ ಲೌಕಿಕ ಹಾಡಿನಿಂದ. ಚರ್ಚಿನ ಹಾಡು, ಬ್ಲೂಸ್ ಎರಡನ್ನೂ ಕೂಡಿಸಬಲ್ಲವರಾಗಿದ್ದವರು ಡಾರ್ಸಿ, ಏಕೆಂದರೆ ಎರಡೂ ಅವರ ಮೈಯಲ್ಲಿದ್ದವು.

1899ರ ಜುಲೈ 1ರಂದು ಜಾರ್ಜಿಯಾ ರಾಜ್ಯದ ವಿಲ್ಲಾ ರಿಕಾ ಎಂಬ ಸಣ್ಣ ಊರಿನಲ್ಲಿ ಅವರು ಹುಟ್ಟಿದರು. ತಂದೆ ಊರೂರು ಸುತ್ತುವ ಬೋಧಕ, ಹೊಟ್ಟೆಪಾಡಿಗೆ ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದವರು. ತಾಯಿ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು. ಸಂಸಾರ ಅಟ್ಲಾಂಟಾಕ್ಕೆ ಬಂದ ಮೇಲೆ ಹುಡುಗ ಅಲ್ಲಿನ ನಾಟಕಶಾಲೆಯೊಂದರಲ್ಲಿ ಸೋಡಾ ಮಾರುತ್ತ ಪಿಯಾನೋದವರ ಬೆರಳು ನೋಡಿ ಕಲಿತ. ಮುಂದೆ ಚಿಕಾಗೋ. ಬಾಡಿಗೆ ಕಟ್ಟಲು ದುಡ್ಡಿಲ್ಲದವರು ಮನೆಯಲ್ಲೇ ಕುಣಿತದ ಕೂಟ ಇಟ್ಟು ಬಂದವರಿಂದ ಕಾಸು ಎತ್ತುತ್ತಿದ್ದ ಕಾಲ ಅದು. ಅಂಥ ಕೂಟಗಳಲ್ಲಿ ಪೊಲೀಸರ ಕಿವಿಗೆ ಬೀಳದಂತೆ ಮೆಲ್ಲಗೆ, ಪಿಸುಗುಟ್ಟುವಂತೆ ನುಡಿಸುವುದಕ್ಕೆ ಡಾರ್ಸಿ ಹೆಸರಾದರು. 1924ರಲ್ಲಿ ಬ್ಲೂಸ್ ಲೋಕದ ದೊಡ್ಡ ಗಾಯಕಿ ಮಾ ರೇನಿ ಅವರ ಮೇಳ ಕಟ್ಟಿಕೊಟ್ಟು ಜೊತೆಗೆ ನುಡಿಸಿದರು. 1925ರಲ್ಲಿ ನೆಟಿ ಎಂಬಾಕೆಯನ್ನು ಮದುವೆಯಾದರು. ಮರುವರ್ಷವೇ ಮನಸ್ಸು ಕುಸಿದು, ಎರಡು ವರ್ಷದಷ್ಟು ಕಾಲ ಕೆಲಸ ಮಾಡಲಾಗದ ಸ್ಥಿತಿಗೆ ಬಂದರು. ಆಗ ಸಂಸಾರ ನಡೆದದ್ದು ನೆಟಿಯ ದುಡಿಮೆಯಿಂದ. ಚೇತರಿಸಿಕೊಂಡ ಡಾರ್ಸಿ ದೇವರ ಹಾಡು ಬರೆಯಲು ತೊಡಗಿದರು, ಬ್ಲೂಸನ್ನೂ ಬಿಡಲಿಲ್ಲ. 1928ರಲ್ಲಿ ಟ್ಯಾಂಪಾ ರೆಡ್ ಎಂಬ ಗಿಟಾರುಗಾರನ ಜೊತೆ ಅವರು ಧ್ವನಿಮುದ್ರಿಸಿದ ಪೋಲಿ ಹಾಡೊಂದು ದೇಶವೆಲ್ಲ ಮಾರಾಟವಾಯಿತು. ಅದೇ ಹೊತ್ತಿನಲ್ಲಿ ತಮ್ಮ ಒಂದು ಭಕ್ತಿಗೀತೆಯ ಐನೂರು ಪ್ರತಿಗಳನ್ನು ಚರ್ಚುಗಳಿಗೆ ಅಂಚೆಯಲ್ಲಿ ಕಳಿಸಿ ಉತ್ತರಕ್ಕೆ ಕಾದು ಕೂತಿದ್ದರು. ಉತ್ತರ ಬರಲು ವರ್ಷಗಳೇ ಹಿಡಿದವು.

1932ರ ಆಗಸ್ಟ್ ತಿಂಗಳು. ಸೇಂಟ್ ಲೂಯಿಸ್ ನಗರದಲ್ಲಿ ಒಂದು ಭಕ್ತಿಕೂಟಕ್ಕೆ ಅವರು ಹೋಗಬೇಕಿತ್ತು. ನೆಟಿ ತುಂಬು ಗರ್ಭಿಣಿ. ಡಾರ್ಸಿ ಮುಂದೆ ಎಷ್ಟೋ ಸಲ ಹೇಳಿಕೊಂಡ ಪ್ರಕಾರ, ಕಾರಿನಲ್ಲಿ ಹೊರಟು ಸ್ವಲ್ಪ ದೂರ ಹೋದ ಮೇಲೆ ಹಾಡಿನ ಹಾಳೆಗಳ ಚೀಲ ಮರೆತದ್ದು ನೆನಪಾಗಿ ಮನೆಗೆ ಮರಳಿದರು. ನೆಟಿ ನಿದ್ದೆಹೋಗಿದ್ದರು. ಎಬ್ಬಿಸಲು ಮನಸ್ಸಾಗದೆ ಚೀಲ ಎತ್ತಿಕೊಂಡು ಸದ್ದಿಲ್ಲದೆ ಹೊರಟುಬಿಟ್ಟರು. ಸೇಂಟ್ ಲೂಯಿಸ್‌ನಲ್ಲಿ ಜನ ಇನ್ನೂ ಹಾಡು, ಇನ್ನೂ ಹಾಡು ಎನ್ನುತ್ತಿದ್ದಾಗ ತಂತಿಯ ಹುಡುಗನೊಬ್ಬ ಬಂದು ಲಕೋಟೆ ಕೈಗಿತ್ತ. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದರು. ಸುತ್ತಲೂ ಚಪ್ಪಾಳೆ, ಹಾಡು. ಕೈಯಲ್ಲಿ ಆ ಕಾಗದ. ಚಿಕಾಗೋಗೆ ಮರಳಿ ಬಂದರೆ ಗಂಡುಮಗು ಬದುಕಿತ್ತು, ಆದರೆ ಅದೂ ಬೇಗನೆ ಹೋಗಿಬಿಟ್ಟಿತು. ತಾಯಿ ಮಗು ಇಬ್ಬರನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮಣ್ಣು ಮಾಡಿದರು.

ಇಲ್ಲಿಂದ ಮುಂದಿನದನ್ನು ಹಲವರು ಹೇಳುವ ಕ್ರಮ ನನಗೆ ಒಪ್ಪಿಗೆಯಾಗುವುದಿಲ್ಲ. ದುಃಖ ಬಂತು, ಭಕ್ತ ದೇವರ ಕಡೆ ತಿರುಗಿದ, ಅಮರವಾದ ಹಾಡು ಹುಟ್ಟಿತು ಎಂದು ಎರಡು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ನಡುವೆ ಇದ್ದ ಸಿಟ್ಟನ್ನು ಹಾರಿಸಿಬಿಡುತ್ತಾರೆ. ಡಾರ್ಸಿ ಅದನ್ನು ಮುಚ್ಚಿಟ್ಟವರಲ್ಲ. ದೇವರು ತನಗೆ ಅನ್ಯಾಯ ಮಾಡಿದ ಎನಿಸಿತು, ಇನ್ನು ಅವನ ಸೇವೆ ಬೇಡ, ಅವನ ಹಾಡು ಬೇಡ, ಚೆನ್ನಾಗಿ ಬಲ್ಲ ಹಳೆಯ ಜಾಸ್ ಲೋಕಕ್ಕೇ ಮರಳಿಬಿಡುತ್ತೇನೆ ಎನಿಸಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಈ ದುಃಖದಲ್ಲಿ ಬೆರಳು ಮಾಡಿ ತೋರಿಸಲು ಕೊಲೆಗಾರನಿಲ್ಲ, ಮೋಸಗಾರನಿಲ್ಲ. ಹಾಗಾದರೆ ಇಲ್ಲಿ ಕ್ಷಮೆಯ ಮಾತೇಕೆ ಎಂದು ನೀವು ಕೇಳಬಹುದು. ನನಗೆ ಕಾಣುವಂತೆ ಇಲ್ಲಿ ಎರಡು ಆರೋಪಗಳಿವೆ. ಒಂದು ದೇವರ ಮೇಲಿನದು, ಬಾಯಿಬಿಟ್ಟು ಹೇಳಿದ್ದು. ಇನ್ನೊಂದು ತನ್ನ ಮೇಲೆ ತಾನೇ ಹೊರಿಸಿಕೊಂಡದ್ದು; ಅದನ್ನು ಮಾತಿನಲ್ಲಿ ಹೇಳದೆ, ಮರೆತ ಚೀಲದ ಕತೆಯಲ್ಲಿ ಹೇಳಿದ್ದು. ಜೀವಮಾನವೆಲ್ಲ ಆ ಚೀಲವನ್ನು ನೆನೆದವರು ‘ನಾನು ಉಳಿದುಬಿಡಬಹುದಿತ್ತಲ್ಲ’ ಎಂಬುದನ್ನು ನೆನೆಯದೆ ಇದ್ದಿರಲಾರರು. ಪ್ರೀತಿಸಿದವರನ್ನು ಕಳೆದುಕೊಂಡ ಬಹುಪಾಲು ಜನಕ್ಕೆ ಕ್ಷಮಿಸಬೇಕಾದವರ ಪಟ್ಟಿಯಲ್ಲಿ ಮೊದಲ ಹೆಸರು ತಮ್ಮದೇ ಆಗಿರುತ್ತದೆ.

ದೇವರ ಮೇಲೆ ಸಿಟ್ಟು ಮಾಡುವುದು ಭಕ್ತಿಗೆ ಕುಂದು ಎನ್ನುವವರಿಗೆ ಧರ್ಮಗ್ರಂಥವೇ ಉತ್ತರ ಹೇಳುತ್ತದೆ. ಕನ್ನಡ ಬೈಬಲಿನಲ್ಲಿ ‘ಪ್ರಲಾಪಗಳು’ ಎಂಬ ಹೆಸರಿನದೇ ಒಂದು ಪುಸ್ತಕವಿದೆ. ‘ಕೀರ್ತನೆಗಳು’ ಎಂದು ನಮ್ಮವರು ಅನುವಾದಿಸಿಕೊಂಡ ಭಾಗದಲ್ಲಿ ಹೊಗಳಿಕೆಯ ಪಕ್ಕದಲ್ಲೇ ದೂರು ಇದೆ, ಜಗಳ ಇದೆ, ‘ಎಲ್ಲಿದ್ದೀ ನೀನು’ ಎಂಬ ಕೂಗು ಇದೆ. ಹರಿಶ್ಚಂದ್ರ ಕಾವ್ಯದಲ್ಲಿ ಮಗನ ಹೆಣದ ಮುಂದೆ ಕೂತ ಚಂದ್ರಮತಿಯ ಗೋಳನ್ನು ಕೇಳುತ್ತ ಬಂದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಬೈಬಲಿನ ಯೋಬನ ಕತೆ. ಎಲ್ಲವನ್ನೂ ಕಳೆದುಕೊಂಡ ಯೋಬನಿಗೆ ಕೊನೆಯಲ್ಲಿ ಎಲ್ಲ ಮರಳಿ ಬಂತು ಎನ್ನುತ್ತೇವೆ. ಲೆಕ್ಕ ಗಮನಿಸಿ: ಕುರಿ, ಒಂಟೆ, ಎತ್ತು, ಕತ್ತೆ ಇಮ್ಮಡಿಯಾದವು, ಮಕ್ಕಳು ಮಾತ್ರ ಮೊದಲಿನಷ್ಟೇ, ಏಳು ಗಂಡು ಮೂರು ಹೆಣ್ಣು. ಅವರು ಬೇರೆಯ ಮಕ್ಕಳು. ಸತ್ತ ಹತ್ತು ಮಂದಿ ಎದ್ದು ಬರಲಿಲ್ಲ. ಕಳೆದದ್ದು ಹಾಗೇ ಮರಳುವುದನ್ನು ಪುನಃಸ್ಥಾಪನೆ ಎಂದು ತಿಳಿದರೆ ಯೋಬನಿಗೂ ಅದು ಸಿಕ್ಕಿಲ್ಲ, ಡಾರ್ಸಿಗೂ ಸಿಕ್ಕಿಲ್ಲ. ಡಾರ್ಸಿ 1941ರಲ್ಲಿ ಮತ್ತೆ ಮದುವೆಯಾದರು, ಮಕ್ಕಳಾದವು. ನೆಟಿಯ ಕತೆಯನ್ನು ಹೇಳುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಈಗ ಹಾಡಿಗೆ ಬರೋಣ. ಸಾವಾದ ಕೆಲವು ದಿನಗಳಲ್ಲೇ ಥಿಯೋಡೋರ್ ಫ್ರೈ ಎಂಬ ಗೆಳೆಯ ಡಾರ್ಸಿಯನ್ನು ಪೋರೋ ಕಾಲೇಜು ಎಂಬ ಕಟ್ಟಡಕ್ಕೆ ಕರೆದುಕೊಂಡು ಹೋದರು. ಕಪ್ಪು ಹೆಂಗಸರಿಗೆ ಕೇಶಾಲಂಕಾರ, ಸೌಂದರ್ಯ ಸಾಧನಗಳ ಕಸುಬು ಕಲಿಸುತ್ತಿದ್ದ ಸಂಸ್ಥೆಯದು. ಅಲ್ಲೊಂದು ಪಿಯಾನೋ ಇತ್ತು. ಡಾರ್ಸಿ ಅದರ ಮುಂದೆ ಕೂತರು. ಬೆರಳಿಗೆ ಸಿಕ್ಕಿದ್ದು ಹಳೆಯದೊಂದು ಸ್ತುತಿಗೀತೆಯ ಮಟ್ಟು, 1844ರಲ್ಲಿ ಜಾರ್ಜ್ ಆಲನ್ ಎಂಬವರು ಕಟ್ಟಿದ್ದು. ಅದರ ಮೇಲೆ ಹೊಸ ಮಾತು ಬರತೊಡಗಿತು. ದೇವರನ್ನು ಕರೆಯುವ ಕಡೆ ಡಾರ್ಸಿ ಮೊದಲು ಹಾಡಿದ್ದು ‘ಬ್ಲೆಸೆಡ್’ ಎಂದು, ಅಂದರೆ ಸ್ತುತಿಗೆ ಪಾತ್ರನಾದವನೇ ಎಂದು. ಫ್ರೈ ತಡೆದು ‘ಪ್ರೆಷಸ್’ ಅನ್ನಿ ಎಂದರು: ಅಮೂಲ್ಯನೇ. ಒಂದೇ ಪದದ ಬದಲಾವಣೆ, ಆದರೆ ಇಡೀ ಹಾಡು ತಿರುಗಿಕೊಂಡಿತು ಎನ್ನುವುದು ನನ್ನ ಎಣಿಕೆ. ಮೊದಲನೆಯದು ಸಭೆಯಲ್ಲಿ ಎಲ್ಲರೂ ಕೂಡಿ ಹೇಳುವ ಹೊಗಳಿಕೆ. ಎರಡನೆಯದು, ಅಮೂಲ್ಯವಾದದ್ದನ್ನು ಈಗಷ್ಟೇ ಮಣ್ಣಿಗೆ ಕೊಟ್ಟುಬಂದವನ ಬಾಯಲ್ಲಿ ಬರುವ ಮಾತು. ‘ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್’ ಎಂಬ ಹಾಡು ಹುಟ್ಟಿದ್ದು ಹಾಗೆ. ಅದರಲ್ಲಿ ನೆಟಿಯ ಹೆಸರಿಲ್ಲ, ಮಗುವಿಲ್ಲ. ಹೀಗಾಗಲು ಕಾರಣ ಇದು ಎಂಬ ವಿವರಣೆಯಿಲ್ಲ. ಎಲ್ಲ ಒಳ್ಳೆಯದಕ್ಕೇ ಆಯಿತು ಎಂಬ ಸಾಂತ್ವನವೂ ಇಲ್ಲ. ದಣಿದ ಒಬ್ಬರು ಕತ್ತಲಲ್ಲಿ ಕೈ ಚಾಚಿ ಆಸರೆ ಕೇಳುತ್ತಾರೆ, ಅಷ್ಟೆ. ಯಾರ ಮೇಲೆ ಸಿಟ್ಟಿತ್ತೋ ಅವನ ಕೈಯನ್ನೇ ಕೇಳುತ್ತಾರೆ ಎಂಬುದನ್ನು ಗಮನಿಸಬೇಕು. ‘ಕ್ಷಮಿಸಿದೆ’ ಎಂಬ ಮಾತು ಎಲ್ಲೂ ಬರುವುದಿಲ್ಲ, ಆದರೆ ಮುರಿದುಹೋಗಿದ್ದ ಮಾತುಕತೆ ಮತ್ತೆ ಶುರುವಾಗುತ್ತದೆ. ಕ್ಷಮೆ ಎಂಬುದರ ಮೊದಲ ಹೆಜ್ಜೆ ಇಷ್ಟೇ ಇರಬಹುದು ಎಂದು ನನಗೆ ತೋರುತ್ತದೆ.

ಹಾಡಿನ ಸ್ವರದಲ್ಲೂ ಇದೇ ಇದೆ. ಬ್ಲೂಸಿನಲ್ಲಿ ‘ಬ್ಲೂ ನೋಟ್’ ಎಂಬುದೊಂದಿದೆ. ನಮ್ಮ ಕರ್ನಾಟಕ ಸಂಗೀತದ ಭಾಷೆಯಲ್ಲಿ ಹೇಳುವುದಾದರೆ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ನಿಲ್ಲುವ, ನಿಲ್ಲದೆ ತೂಗುವ ಗಾಂಧಾರ. ಪಿಯಾನೋದಲ್ಲಿ ಅದಕ್ಕೆ ಮನೆಯಿಲ್ಲ. ಅಕ್ಕಪಕ್ಕದ ಎರಡು ಕೀಲಿಗಳನ್ನು ಉಜ್ಜಿ ಅದರ ನೆರಳನ್ನಷ್ಟೇ ತರಬಹುದು. ಕೊರಳಿಗೆ ಮಾತ್ರ ಅದು ಪೂರ್ತಿ ದಕ್ಕುತ್ತದೆ. ಡಾರ್ಸಿ ಈ ಸ್ವರವನ್ನು, ಅದರ ಜೊತೆಗೆ ನಿಧಾನವಾಗಿ ಎಳೆಯುವ ಬ್ಲೂಸಿನ ನಡೆಯನ್ನು, ಚರ್ಚಿನ ಶಿಸ್ತಾದ ಮಟ್ಟಿನೊಳಗೆ ತಂದರು. ಹಾಡುವವರು ಬರೆದ ಸ್ವರದಲ್ಲಿ ನಿಲ್ಲದೆ ನರಳಬಹುದು, ತಡೆಯಬಹುದು, ಒಂದು ಅಕ್ಷರದ ಮೇಲೆ ಬೇಕಾದಷ್ಟು ಹೊತ್ತು ಉಳಿಯಬಹುದು. ಸುಖವೂ ಅಲ್ಲ, ದುಃಖವೂ ಅಲ್ಲ ಎನ್ನುವ ಆ ತೂಗಾಟಕ್ಕೆ ದೇವರ ಮನೆಯಲ್ಲಿ ಜಾಗ ಸಿಕ್ಕಿತು.

ಆ ಜಾಗ ಸುಲಭವಾಗಿ ಸಿಕ್ಕದ್ದಲ್ಲ. ಚಿಕಾಗೋದ ದೊಡ್ಡ ಕಪ್ಪು ಚರ್ಚುಗಳಲ್ಲಿ ಆಗ ಯುರೋಪಿನ ಶಾಸ್ತ್ರೀಯ ಗೀತಗಳನ್ನು ಹಾಳೆ ನೋಡಿ ಹಾಡುವುದೇ ಮರ್ಯಾದೆಯೆನಿಸಿತ್ತು. ಡಾರ್ಸಿಯ ಹಾಡನ್ನು ಕೇಳಿ ಸಾರಾಯಿ ಅಂಗಡಿಯ ಸಂಗೀತವೆಂದರು, ಹಲವು ಕಡೆ ಅವರನ್ನು ಹೊರಗಟ್ಟಿದರು. ಈ ಆಕ್ಷೇಪವನ್ನು ಬರಿಯ ಮಡಿವಂತಿಕೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾಗಿ ಎರಡು ಮೂರು ತಲೆಮಾರು ಕಳೆದಿದ್ದ ಜನ ಅವರು. ಬಿಳಿಯರು ತಮ್ಮನ್ನು ಕುಣಿಯುವ, ಕಿರುಚುವ ಜನವೆಂದು ಹಂಗಿಸುತ್ತಿದ್ದಾಗ, ಶಿಸ್ತಿನ ಹಾಡೇ ತಮ್ಮ ಘನತೆಯ ಗುರುತು ಎಂದು ಅವರು ನಂಬಿದ್ದರೆ ಅದರಲ್ಲಿ ತಪ್ಪು ಹುಡುಕಲಾರೆ. ಆದರೆ ಆ ಊರಿನ ಬೀದಿಗಳಲ್ಲಿ ಏನಾಗುತ್ತಿತ್ತು ನೋಡಿ. 1910ರಲ್ಲಿ ಚಿಕಾಗೋದಲ್ಲಿದ್ದ ಕಪ್ಪು ಜನ ಸುಮಾರು 44 ಸಾವಿರ. 1930ರ ಹೊತ್ತಿಗೆ ಸುಮಾರು 2 ಲಕ್ಷ 34 ಸಾವಿರ. ದಕ್ಷಿಣದ ಹತ್ತಿಹೊಲಗಳನ್ನು, ಗುಂಪು ಕಟ್ಟಿ ನೇಣಿಗೆ ಹಾಕುವವರ ಭಯವನ್ನು ಬಿಟ್ಟು ರೈಲು ಹತ್ತಿ ಬಂದವರು. ಹಿಂದೆ ಬಿಟ್ಟುಬಂದ ತಾಯಿಯಿದ್ದಳು, ಸಮಾಧಿಗಳಿದ್ದವು. ಇಲ್ಲಿಗೆ ಬಂದರೆ ಆರ್ಥಿಕ ಕುಸಿತ, ಕೆಲಸವಿಲ್ಲ. ಅವರಿಗೆ ಚರ್ಚಿನಲ್ಲಿ ನೆಟ್ಟಗೆ ಕೂತು ಪರಕೀಯ ಘನ ಗೀತೆ ಕೇಳುವುದು ಮಾತ್ರ ಸಾಲುತ್ತಿರಲಿಲ್ಲ. 1931ರಲ್ಲಿ ಎಬನೇಜರ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಫ್ರೈ ಮತ್ತು ಡಾರ್ಸಿ ಕಟ್ಟಿದ ಗಾಸ್ಪೆಲ್ ಮೇಳಕ್ಕೆ, ಮರುವರ್ಷ ಪಿಲ್‌ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚಿನ ಮೇಳಕ್ಕೆ ಜನ ತುಂಬಿ ಬಂದದ್ದು ಈ ಹಸಿವಿನಿಂದ. ‘ಪ್ರೆಷಸ್ ಲಾರ್ಡ್’ ಹಾಡನ್ನು ಮೊದಲು ಜನರ ಮುಂದೆ ಹಾಡಿದ್ದೂ ಎಬನೇಜರ್‌ನಲ್ಲೇ.

ಡಾರ್ಸಿಯ ಪುನಃಸ್ಥಾಪನೆ ಯಾವುದೆಂದು ಕೇಳಿದರೆ ನಾನು ಈ ಮೇಳಗಳನ್ನು ತೋರಿಸುತ್ತೇನೆ. 1933ರಲ್ಲಿ ಚಿಕಾಗೋದಲ್ಲಿ ದೇಶದ ಗಾಸ್ಪೆಲ್ ಮೇಳಗಳ ಮೊದಲ ಸಮಾವೇಶ ಸೇರಿತು. ಅದನ್ನು ನಡೆಸಿದ ಸಂಘಟನೆಗೆ ಡಾರ್ಸಿ ದಶಕಗಳ ಕಾಲ ಅಧ್ಯಕ್ಷರಾಗಿದ್ದರು. ಜೊತೆಗಿದ್ದ ಸ್ಯಾಲಿ ಮಾರ್ಟಿನ್ ಎಂಬ ಗಾಯಕಿ ಊರೂರಿಗೆ ಹೋಗಿ ಮೇಳ ಕಟ್ಟಿಸಿ ಬಂದರು. ಮನೆಗೆಲಸದವರು, ಮಾಂಸದ ಕಾರ್ಖಾನೆಯ ಕೂಲಿಗಳು, ಸ್ವರಲಿಪಿ ಓದಲು ಬಾರದವರು ವಾರದ ನಡುವೆ ಸಂಜೆ ಸೇರಿ ಹಾಡು ಕಲಿಯುತ್ತಿದ್ದರು. ಒಬ್ಬರ ದುಃಖ ಮೂವತ್ತು ನಲವತ್ತು ಕೊರಳಿಗೆ ಹಂಚಿಹೋಗುತ್ತಿತ್ತು. ಅಲ್ಲಿ ಮುಂದೆ ನಿಂತು ಹಾಡುವವರು ಅಳುತ್ತ ಮಾತು ಕಟ್ಟಿ ನಿಂತರೆ ಮೇಳ ಆ ಸಾಲನ್ನು ಎತ್ತಿಕೊಳ್ಳುತ್ತದೆ, ಅವರಿಗೆ ಉಸಿರು ಬರುವವರೆಗೂ ಬಿಡುವುದಿಲ್ಲ. ಪ್ರವಚನದಿಂದ ಇದಾಗದು, ಅಲ್ಲಿ ಒಬ್ಬರು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ದುಃಖಿಗೆ ತನ್ನ ಗೋಳನ್ನು ಬೇರೆಯವರ ಬಾಯಲ್ಲಿ ಕೇಳಿಸಿಕೊಳ್ಳುವ ಅವಕಾಶ ಬೇಕು. ಆಗಲೇ ಅದು ತನಗೊಬ್ಬನಿಗೇ ಬಂದ ಶಿಕ್ಷೆಯೆಂಬ ಭಾವ ಸಡಿಲವಾಗುತ್ತದೆ. ತನ್ನ ಮೇಲೆ ತಾನು ಹೊರಿಸಿಕೊಂಡ ಆರೋಪವೂ ಸಡಿಲವಾಗುತ್ತದೆ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ನೆಟಿಯ ಸಾವನ್ನು ದೇವರ ಲೆಕ್ಕಕ್ಕೆ ಬರೆದದ್ದು ಸರಿಯೇ? ಆ ಕಾಲದ ಅಮೆರಿಕದಲ್ಲಿ ಬಿಳಿಯ ತಾಯಂದಿರಿಗಿಂತ ಕಪ್ಪು ತಾಯಂದಿರು ಹೆರಿಗೆಯಲ್ಲಿ ಸಾಯುವುದು ಬಹಳ ಹೆಚ್ಚಿತ್ತು. ಕಾರಣ ಬಡತನ, ಕಪ್ಪು ಜನರನ್ನು ಒಳಗೆ ಬಿಡದ ಆಸ್ಪತ್ರೆಗಳು, ಕೆಟ್ಟ ವಸತಿ. ಅಂಥ ಸಾವಿನ ಮುಂದೆ ದೇವರೇ ಕೈ ಹಿಡಿ ಎಂದು ಹಾಡುವುದು ಅನ್ಯಾಯದ ಮೇಲೆ ಬಟ್ಟೆ ಹೊದಿಸಿದಂತಲ್ಲವೇ? ಪ್ರಶ್ನೆ ನ್ಯಾಯವಾದದ್ದು, ಮತ್ತು ಬರಿಯ ಹಾಡಿನಿಂದ ಒಂದು ಆಸ್ಪತ್ರೆಯ ಬಾಗಿಲೂ ತೆರೆಯುವುದಿಲ್ಲ ಎಂಬುದು ನಿಜ. ಆದರೆ ಈ ಹಾಡು ಜನರನ್ನು ಮಲಗಿಸಿತು ಎನ್ನುವುದಕ್ಕೆ ಚರಿತ್ರೆ ಒಪ್ಪುವುದಿಲ್ಲ. ನಾಗರಿಕ ಹಕ್ಕುಗಳ ಚಳವಳಿಯ ಸಭೆಗಳಲ್ಲಿ ಜೈಲಿಗೆ, ಲಾಠಿಗೆ ಸಿದ್ಧರಾಗಿ ಹೊರಟವರು ಹಾಡಿಕೊಂಡದ್ದು ಇಂಥ ಹಾಡುಗಳನ್ನೇ. ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಡಾರ್ಸಿಯ ಈ ಹಾಡು ಬಲು ಪ್ರಿಯ. 1968ರ ಏಪ್ರಿಲ್ 4ರ ಸಂಜೆ, ಮೆಂಫಿಸ್ ನಗರದಲ್ಲಿ ಕಸ ಎತ್ತುವ ಕಾರ್ಮಿಕರ ಮುಷ್ಕರಕ್ಕೆ ಬೆಂಬಲ ಕೊಡಲು ಹೋಗಿದ್ದ ಕಿಂಗ್ ಹೋಟೆಲಿನ ಮೊಗಸಾಲೆಯಲ್ಲಿ ನಿಂತು, ಕೆಳಗಿದ್ದ ಬೆನ್ ಬ್ರಾಂಚ್ ಎಂಬ ಸ್ಯಾಕ್ಸೊಫೋನ್ ವಾದಕರಿಗೆ ಆ ರಾತ್ರಿಯ ಸಭೆಯಲ್ಲಿ ಈ ಹಾಡನ್ನು ಚೆನ್ನಾಗಿ ನುಡಿಸಬೇಕೆಂದು ಹೇಳಿದರು. ಕ್ಷಣಗಳಲ್ಲಿ ಗುಂಡು ತಾಗಿತು. ಕೂಲಿಗಾಗಿ ಹೋರಾಡಲು ಹೋದವರ ಕೊನೆಯ ಮಾತುಗಳಲ್ಲಿ ಈ ಹಾಡಿನ ಹೆಸರಿತ್ತು. ಅಳುವುದಕ್ಕೂ ಹೋರಾಡುವುದಕ್ಕೂ ನಾವು ಕಲ್ಪಿಸಿಕೊಳ್ಳುವ ಹಗೆತನ ಆ ಜನರ ಬದುಕಿನಲ್ಲಿ ಇರಲಿಲ್ಲ.

ಇದಕ್ಕಿಂತ ಕಷ್ಟದ ಪ್ರಶ್ನೆ ಕೊಲೆಗಾರ ಎದುರಿಗೇ ಇದ್ದಾಗಿನದು. 2015ರ ಜೂನ್ 17ರಂದು ಸೌತ್ ಕ್ಯಾರೊಲೈನಾ ರಾಜ್ಯದ ಚಾರ್ಲ್‌ಸ್ಟನ್ ನಗರದ ಇಮ್ಯಾನುಯೆಲ್ ಚರ್ಚಿನಲ್ಲಿ ಬೈಬಲ್ ಓದುತ್ತಿದ್ದ ಒಂಬತ್ತು ಮಂದಿ ಕಪ್ಪು ಜನರನ್ನು, ಅವರ ನಡುವೆಯೇ ಬಂದು ಕೂತಿದ್ದ ಬಿಳಿಯ ಯುವಕನೊಬ್ಬ ಕೊಂದ. ಎರಡೇ ದಿನಕ್ಕೆ, ಜೂನ್ 19ರಂದು, ನ್ಯಾಯಾಲಯದಲ್ಲಿ ಸತ್ತವರ ಬಂಧುಗಳಲ್ಲಿ ಕೆಲವರು ಅವನನ್ನು ಕ್ಷಮಿಸಿದೆವೆಂದರು. ಜಗತ್ತು ಬೆರಗಾಯಿತು, ಹೊಗಳಿತು. ಲೇಖಕಿ ರೊಕ್ಸೇನ್ ಗೇ ಆಗ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ತಾನು ಕ್ಷಮಿಸಲಾರೆ ಎಂದು ಬರೆದರು. ಕಪ್ಪು ಜನ ಬದುಕಿ ಉಳಿಯುವುದಕ್ಕಾಗಿ ಕ್ಷಮಿಸುತ್ತಾರೆ, ಬಿಳಿಯರು ಆ ಕ್ಷಮೆಯನ್ನು ತಮ್ಮ ಸಮಾಧಾನಕ್ಕೆ ಬಳಸಿಕೊಳ್ಳುತ್ತಾರೆ ಎಂಬುದು ಅವರ ವಾದದ ಸಾರ. ನಾನು ಇದನ್ನು ಒಪ್ಪುತ್ತೇನೆ. ಕ್ಷಮೆಯನ್ನು ಹೊಗಳುವ ನೆಪದಲ್ಲಿ ಸಿಟ್ಟಿನ ಬಾಯಿ ಮುಚ್ಚಿಸುವುದು ಸಣ್ಣ ತಪ್ಪಲ್ಲ. ಜೂನ್ 26ರಂದು ಸತ್ತವರಲ್ಲಿ ಒಬ್ಬರ ಶವಸಂಸ್ಕಾರದ ಭಾಷಣದಲ್ಲಿ ಆಗಿನ ಅಧ್ಯಕ್ಷ ಒಬಾಮಾ ಹಾಡಿದ್ದು ‘ಅಮೇಜಿಂಗ್ ಗ್ರೇಸ್’. ಕಪ್ಪು ಚರ್ಚುಗಳು ಬಹುಕಾಲದಿಂದ ತಮ್ಮದಾಗಿಸಿಕೊಂಡ ಹಾಡದು, ಅಲ್ಲಿ ಅದು ಸಲ್ಲುತ್ತಿತ್ತು. ಆದರೂ ಅದನ್ನು ಬರೆದ ಜಾನ್ ನ್ಯೂಟನ್ ಒಂದು ಕಾಲಕ್ಕೆ ಗುಲಾಮರ ಹಡಗಿನ ಕಪ್ತಾನನಾಗಿದ್ದವನು. ಅದು ತಪ್ಪು ಮಾಡಿ ಕ್ಷಮೆ ಪಡೆದವನ ಹಾಡು. ಡಾರ್ಸಿಯದು ಕಳೆದುಕೊಂಡವನ ಹಾಡು. ಒಂದು ದೇಶ ಮೊದಲನೆಯದನ್ನು ಹಾಡುವ ಮುಂಚೆ ಎರಡನೆಯದನ್ನು ಕೂತು ಕೇಳಬೇಕು.

ಚಾರ್ಲ್‌ಸ್ಟನ್‌ನಲ್ಲೇ ಇದಕ್ಕೆ ಪುರಾವೆಯಿದೆ. ಸತ್ತವರಲ್ಲಿ ಎತೆಲ್ ಲಾನ್ಸ್ ಒಬ್ಬರು, 70 ವರ್ಷದ ಹೆಂಗಸು, ಆ ಚರ್ಚಿನ ಕಟ್ಟಡವನ್ನು ನೋಡಿಕೊಳ್ಳುತ್ತಿದ್ದವರು. ಅವರ ಒಬ್ಬ ಮಗಳು ನೇಡೀನ್ ಕಾಲಿಯರ್ ನ್ಯಾಯಾಲಯದಲ್ಲಿ ಎಲ್ಲರಿಗಿಂತ ಮೊದಲು ಕ್ಷಮೆಯ ಮಾತಾಡಿದರು. ಇನ್ನೊಬ್ಬ ಮಗಳು ಶರನ್ ರಿಷರ್ ಸ್ವತಃ ಧರ್ಮಸೇವಕಿ, ಆಸ್ಪತ್ರೆಯಲ್ಲಿ ಸಾವಿನಂಚಿನವರ ಪಕ್ಕ ಕೂರುವ ಕೆಲಸದವರು; ಅವರಿಗೆ ಆಗ ಕ್ಷಮಿಸಲಾಗಲಿಲ್ಲ, ಹಾಗೆಂದು ಬಹಿರಂಗವಾಗಿಯೇ ಹೇಳಿದರು. ವರ್ಷಗಳು ಹಿಡಿದವು. ಒಂದೇ ತಾಯಿ, ಒಂದೇ ನಂಬಿಕೆ, ಇಬ್ಬರು ಮಕ್ಕಳು, ಎರಡು ಕಾಲ. ಇದರಲ್ಲಿ ಯಾರ ಭಕ್ತಿ ದೊಡ್ಡದೆಂದು ಅಳೆಯಲು ಹೊರಡುವುದು ಅಮಾನುಷ. ಇನ್ನೂ ಒಂದು ಮಾತು: ಕ್ಷಮೆಯ ಮಾತು ಬಂದಿತೆಂದು ನ್ಯಾಯಾಲಯವೇನೂ ಕಡತ ಮುಚ್ಚಲಿಲ್ಲ. ವಿಚಾರಣೆ ನಡೆಯಿತು, 2017ರ ಜನವರಿಯಲ್ಲಿ ಶಿಕ್ಷೆಯೂ ಆಯಿತು. ಅಪರಾಧದ ಲೆಕ್ಕ ಸರಕಾರದ್ದು, ಎದೆಯ ಭಾರದ ಲೆಕ್ಕ ಕಳೆದುಕೊಂಡವರದು. ಎರಡನ್ನೂ ಒಂದೇ ಪುಟದಲ್ಲಿ ಬರೆದು, ‘ಅವರೇ ಕ್ಷಮಿಸಿದ ಮೇಲೆ ನಿಮ್ಮದೇನು’ ಎಂದು ಕೇಳುವವರು ಕ್ಷಮೆಗೂ ನ್ಯಾಯಕ್ಕೂ ಒಟ್ಟಿಗೆ ಕೆಡುಕು ಮಾಡುತ್ತಾರೆ. ಹಾಡಿನ ಸೇವೆಗೆ ಇಲ್ಲಿ ಮಿತಿಯೂ ಇದೆ, ಬೆಲೆಯೂ ಇದೆ. ಅದು ಯಾರನ್ನೂ ಕ್ಷಮಿಸೆಂದು ಒತ್ತಾಯಿಸಲಾರದು. ಅಳಲು ಒಂದು ಗುಂಪನ್ನು, ಒಂದು ಮಟ್ಟನ್ನು, ಬೇಕಾದಷ್ಟು ಸಮಯವನ್ನು ಕೊಡಬಲ್ಲದು.

ಡಾರ್ಸಿ ದುಃಖವನ್ನು ಮಾರಿ ದುಡ್ಡು ಮಾಡಿದರು ಎನ್ನುವವರೂ ಇದ್ದರು. ಹೌದು, ಅವರು ಹಾಡುಗಳನ್ನು ಬಿಡಿ ಹಾಳೆಗಳಲ್ಲಿ ಅಚ್ಚು ಹಾಕಿಸಿ ಮಾರುತ್ತಿದ್ದರು, ಅದಕ್ಕಾಗಿ ಸ್ವಂತ ಪ್ರಕಾಶನವನ್ನೇ ತೆರೆದಿದ್ದರು. ಬಿಳಿಯ ಕಂಪನಿಗಳು ಕಪ್ಪು ಸಂಗೀತಗಾರರ ಹಾಡನ್ನು ಬಿಡಿಕಾಸಿಗೆ ಕೊಳ್ಳುತ್ತಿದ್ದ ದಿನಗಳಲ್ಲಿ ಅದು ಧೈರ್ಯದ ಕೆಲಸ. ಹಾಳೆ ಅಗ್ಗವಿದ್ದದ್ದರಿಂದಲೇ ಅದು ಪುಸ್ತಕ ಕೊಳ್ಳಲಾಗದವರ ಮನೆಗೂ ಹೋಯಿತು. ಚಿಕಾಗೋದ ಬೀದಿ ಮೂಲೆಗಳಲ್ಲಿ ಡಾರ್ಸಿಯ ಜೊತೆ ನಿಂತು, ಹಾಡಿ ತೋರಿಸಿ, ಹತ್ತು ಸೆಂಟಿಗೊಂದರಂತೆ ಆ ಹಾಳೆ ಮಾರಿದವರಲ್ಲಿ ನ್ಯೂ ಆರ್ಲಿಯನ್ಸ್‌ನಿಂದ ಬಂದಿದ್ದ ಮಹೇಲಿಯಾ ಜಾಕ್ಸನ್ ಎಂಬ ಯುವತಿಯೂ ಒಬ್ಬಳು. ಆಕೆ ಮುಂದೆ ಜಗತ್ತಿನ ಅತಿ ದೊಡ್ಡ ಗಾಸ್ಪೆಲ್ ಗಾಯಕಿಯಾದರು. 1968ರ ಏಪ್ರಿಲ್ 9ರಂದು ಅಟ್ಲಾಂಟಾದಲ್ಲಿ, ಕಿಂಗ್ ಅವರು ಓದಿದ್ದ ಮೋರ್‌ಹೌಸ್ ಕಾಲೇಜಿನ ಬಯಲಿನಲ್ಲಿ, ಅವರ ಶವಪೆಟ್ಟಿಗೆಯ ಮುಂದೆ ಮಹೇಲಿಯಾ ಹಾಡಿದ್ದು, ಬ್ರಾಂಚ್ ಅವರಿಗೆ ಆ ರಾತ್ರಿ ನುಡಿಸಲಾಗದೆ ಉಳಿದುಹೋದ ಅದೇ ಹಾಡನ್ನು. 1972ರಲ್ಲಿ ಮಹೇಲಿಯಾ ತೀರಿಕೊಂಡಾಗ ಚಿಕಾಗೋದ ಅಂತಿಮ ಸಭೆಯಲ್ಲಿ ಅದನ್ನೇ ಅರೀಥಾ ಫ್ರಾಂಕ್ಲಿನ್ ಹಾಡಿದರು. ಡಾರ್ಸಿಗೆ ಆಗ 72 ವರ್ಷ. ನೆಟಿಯನ್ನೂ ಮಗುವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಅದೇ ಊರಿನಲ್ಲಿ ಮಣ್ಣು ಮಾಡಿ ನಲವತ್ತು ವರ್ಷ ತುಂಬುತ್ತ ಬಂದಿತ್ತು.